ಇದ್ದಿಲಿನಲ್ಲಿ ಮೂಡಿದ ನನ್ನ ಮುಖ

ತನ್ನ ಮುಖ ಹೇಗಿದೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ ಎಂದು ಮೂವತ್ತೆಂಟು ವರ್ಷದವರೆಗೆ ನಾನು ನಂಬಿದ್ದೆ. ದಿನಾ ಗಡ್ಡ ಹೆರೆಯುವಾಗ ನೋಡುವುದು ಅದನ್ನೇ ತಾನೆ? ಆದರೆ ಕನ್ನಡಿಯ ಮುಂದೆ ನಿಲ್ಲುವವನು ನಿಲ್ಲುವ ಮೊದಲೇ ಹುಬ್ಬು ಏರಿಸಿ, ಗದ್ದ ಎತ್ತಿ, ಹೊಟ್ಟೆ ಒಳಗೆಳೆದುಕೊಂಡು ಸಿದ್ಧನಾಗಿರುತ್ತಾನೆ. ಮುಖ ನೋಡಲು ಹೊಟ್ಟೆ ಏಕೆ ಎಳೆದುಕೊಳ್ಳಬೇಕು ಎಂದು ನೀವು ಕೇಳಬಹುದು. ಉತ್ತರ ನನಗೂ ಗೊತ್ತಿಲ್ಲ, ಆದರೆ ಈಗಲೂ ಎಳೆದುಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮನೆ ಇಲಕಲ್ಲಿನಲ್ಲಿ, ಗುಮಾಸ್ತಿಕೆ ಹುನಗುಂದದ ಒಂದು ಕಚೇರಿಯಲ್ಲಿ. ನಮ್ಮ ಓಣಿಯ ಹಿರಿಯರು ಖಾಲಿ ಬಿದ್ದ ಗೋದಾಮೊಂದಕ್ಕೆ ಸುಣ್ಣ ಬಳಿಸಿ ಕಲಾಭವನವೆಂದು ಹೆಸರಿಟ್ಟು ನನ್ನನ್ನು ಅದರ ಕಾರ್ಯದರ್ಶಿ ಮಾಡಿದ್ದರು. ಕಲೆಯ ಗಂಧ ನನಗಿತ್ತೆಂದಲ್ಲ, ಅಕ್ಷರ ದುಂಡಗಿತ್ತು. ಶನಿವಾರ ಹಾರ್ಮೋನಿಯಂ ಪಾಠ ನಡೆಯುತ್ತಿತ್ತು. ನಮ್ಮ ಪೆಟ್ಟಿಗೆಯಲ್ಲಿ ಎರಡು ಸ್ವರ ಹೊರಡುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಕಲಿತವರು ಆ ಎರಡನ್ನು ಬಿಟ್ಟೇ ಎಲ್ಲ ಪದಗಳನ್ನೂ ನುಡಿಸುತ್ತಿದ್ದರು. ಅವರಲ್ಲೊಬ್ಬ ಬಾಗಲಕೋಟೆಯಲ್ಲಿ ಒಳ್ಳೆಯ ಪೆಟ್ಟಿಗೆಯ ಮುಂದೆ ಕೂತಾಗ ಹೊಸ ಸ್ವರ ಕೇಳಿ ಬೆಚ್ಚಿಬಿದ್ದು ಕೈ ತೆಗೆದನಂತೆ. ಇಂಥ ಸಂಸ್ಥೆಯ ಸಭೆಗಳಲ್ಲಿ ನಾನು, "ಕಲೆ ಮನುಷ್ಯನ ಒಳಗನ್ನು ತೆರೆದು ತೋರಿಸುತ್ತದೆ" ಎಂದು ಭಾಷಣ ಮಾಡುತ್ತಿದ್ದೆ. ಚಪ್ಪಾಳೆ ಬೀಳುತ್ತಿದ್ದುದರಿಂದ ಅದು ನಿಜವೇ ಎಂದು ಯೋಚಿಸುವ ಪ್ರಸಂಗ ಬಂದಿರಲಿಲ್ಲ.

ಚಿತ್ರಕಲೆಯ ಪಾಠ ಭಾನುವಾರ. ಬಾದಾಮಿಯಿಂದ ಗಂಗಪ್ಪ ಮಾಸ್ತರರು ಬಸ್ಸಿನಲ್ಲಿ ಬರುತ್ತಿದ್ದರು. ಕಲಿಯುವವರು ಹನ್ನೆರಡು ಜನ, ಹೆಚ್ಚಿನವರು ನೇಕಾರರು. ಮೊದಲು ಕೊಡ, ಆಮೇಲೆ ಬಾಳೆಹಣ್ಣು. ಬಾಳೆಹಣ್ಣು ಚಿತ್ರ ಮುಗಿಯುವವರೆಗೆ ಉಳಿಯುತ್ತಿರಲಿಲ್ಲವಾದ್ದರಿಂದ ಮಾಸ್ತರರು ಒಂದು ದಿನ ನನ್ನ ಬಳಿ ಬಂದು, "ಇನ್ನ ಮನಷ್ಯಾರ ಮಾರಿ ತಗಿಯೂದು ಕಲಸ್ತೇನ್ರಿ. ಯಾರರೆ ಒಬ್ಬರು ಎರಡ ತಾಸು ಅಲಗ್ಯಾಡಲಾರದ ಕುಂದರಬೇಕು" ಎಂದರು.

"ಅದೇನ್ ದೊಡ್ಡ ಮಾತ್ರಿ ಮಾಸ್ತರ? ಹದಿನೈದ ವರ್ಷದಿಂದ ಆಫೀಸಿನ್ಯಾಗ ನಾ ಮಾಡೂದ ಅದನ್ನ" ಎಂದೆ.

ವಿನೋದಕ್ಕೆ ಹೇಳಿದಂತೆ ಹೇಳಿದರೂ ಒಳಗೆ ಆಸೆಯಿತ್ತು. ಹನ್ನೆರಡು ಜನರಲ್ಲಿ ಒಬ್ಬರಾದರೂ ಗಂಭೀರವಾದ, ಗೋಡೆಗೆ ಹಾಕುವಂಥ ಚಿತ್ರ ತೆಗೆಯಲಾರರೇ? ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾಲ್ಕು ಭಾನುವಾರ ಕುರ್ಚಿಯಲ್ಲಿ ಕೂತೆ. ಎಲ್ಲರ ಕೈಯಲ್ಲೂ ಇದ್ದಿಲಿನ ಕಡ್ಡಿ. ಹಿಂದಿನ ಸಾಲಿನಲ್ಲಿ ನೀಲವ್ವ ಎಂಬ ನೇಕಾರರ ಮನೆಯ ಹೆಣ್ಣುಮಗಳು ಒಂದೇ ಸಮನೆ ಗೀರುತ್ತಿದ್ದಳು.

ಈ ನಡುವೆ ಆದ ಒಂದು ಸಂಗತಿಯನ್ನು ನಾನು ಆಗ ಯಾರಿಗೂ ಹೇಳಿರಲಿಲ್ಲ. ಎರಡನೆಯ ಮತ್ತು ಮೂರನೆಯ ಭಾನುವಾರದ ಮಧ್ಯೆ ನನ್ನ ಇಲಾಖಾ ಪರೀಕ್ಷೆಯ ಫಲಿತಾಂಶ ಬಂತು. ಮೂರನೆಯ ಸಲವೂ ನಪಾಸು. ಪಾಸಾದರೆ ಬಡ್ತಿ. ನನ್ನ ಹೆಂಡತಿ ಶಾಂತಾ ಆಗಲೇ ಓಣಿಯಲ್ಲೆಲ್ಲ "ನಮ್ಮನಿಯವರು ಹೆಡ್ ಕ್ಲಾರ್ಕ್ ಆಗ್ತಾರ" ಎಂದು ಹೇಳಿಕೊಂಡು ಬಂದಿದ್ದಳು. ನಾನು ಮನೆಯಲ್ಲಿ, "ರಿಸಲ್ಟ್ ಈ ವಾರ ಬರಬೇಕಿತ್ತು, ಇನ್ನೂ ಬಂದಿಲ್ಲ, ಸರಕಾರದ ಕೆಲಸ, ತಡಾ ಆಗ್ತೈತಿ" ಎಂದೆ. ಸರಕಾರದ ಹೆಸರಿನಲ್ಲಿ ಹೇಳಿದ ಸುಳ್ಳನ್ನು ನಮ್ಮ ಕಡೆ ಯಾರೂ ಅನುಮಾನಿಸುವುದಿಲ್ಲ. ಉಂಡೆ, ನಕ್ಕೆ, ರೇಡಿಯೋ ಕೇಳಿದೆ. ನನ್ನ ನಟನೆಗೆ ನಾನೇ ಮೆಚ್ಚಿದೆ.

ಒಂದು ತಿಂಗಳಾದ ಮೇಲೆ ಪ್ರದರ್ಶನ. ಗೋದಾಮಿನ ಉದ್ದಕ್ಕೂ ಹಗ್ಗ ಕಟ್ಟಿ, ಒಗೆದ ಬಟ್ಟೆ ಹಾಕುವಂತೆ ಹನ್ನೆರಡು ಚಿತ್ರ ತೂಗುಹಾಕಿದ್ದರು. ಹನ್ನೆರಡೂ ನಾನೇ! ಮೊದಲನೆಯದನ್ನು ನೋಡಿ ನಿಂತಲ್ಲೇ ನಿಂತೆ. ಕುತ್ತಿಗೆಯೇ ಇಲ್ಲ, ತಲೆ ನೇರವಾಗಿ ಅಂಗಿಯೊಳಗೆ ಇಳಿದಿದೆ. ಎರಡನೆಯದರಲ್ಲಿ ಕಿವಿಗಳು ಹಾರಲು ಹೊರಟಿವೆ. ವಯಸ್ಸಾದ ನೇಕಾರರೊಬ್ಬರು ತೆಗೆದ ಚಿತ್ರದಲ್ಲಿ ಮೂಗೇ ಇರಲಿಲ್ಲ. ಗಾಬರಿಯಿಂದ ಕೇಳಿದರೆ, "ಮೂಗಿನ ಪಾಠದ ದಿನಾ ನಾ ಬಂದಿದ್ದಿಲ್ಲರಿ" ಎಂದರು. ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಶಾಂತಾ.

ಕೊನೆಯ ಚಿತ್ರದ ಮುಂದೆ ನಗು ನಿಂತಿತು. ನೀಲವ್ವ ತೆಗೆದದ್ದು. ಕಿವಿ, ಮೂಗು, ಕುತ್ತಿಗೆ ಎಲ್ಲ ಇದ್ದಲ್ಲೇ ಇದ್ದವು. ಆದರೆ ಕುರ್ಚಿಯಲ್ಲಿ ಕೂತವನ ಕಣ್ಣು ನೆಲದಲ್ಲಿ ಏನನ್ನೋ ಕಳೆದುಕೊಂಡಂತೆ ಇತ್ತು, ಬಾಯಿಯ ಎರಡೂ ಕೊನೆ ಇಳಿದಿದ್ದವು. ಯಾರೀ ಪಾಪದ ಮನುಷ್ಯ ಎಂದು ನನಗೇ ಕನಿಕರವಾಯಿತು. ಮರುಕ್ಷಣ ಅಂಗಿಯ ಇಸ್ತ್ರಿ ಗೆರೆ ಗುರುತು ಸಿಕ್ಕಿತು.

ಶಾಂತಾ ಬಹಳ ಹೊತ್ತು ನೋಡಿದಳು. "ಇದನ್ನ ಯಾವಾಗ ತಗದೀಯವ್ವಾ?" ಎಂದು ನೀಲವ್ವನನ್ನು ಕೇಳಿದಳು.

"ಮೂರನೇ ಐತಾರರಿ ಅಕ್ಕಾ."

ಶಾಂತಾ ಬೆರಳಲ್ಲಿ ಭಾನುವಾರಗಳನ್ನು ಎಣಿಸಿ ನನ್ನ ಕಡೆ ತಿರುಗಿ, ಮೆಲ್ಲಗೆ, "ಪರೀಕ್ಷಾ ಈ ಸಲಾನೂ ಹ್ವಾತೇನ್ರಿ?" ಎಂದಳು.

ಸಿಡಿಲು ಬಡಿದಂತಾಯಿತು. "ಯಾರ ಹೇಳಿದ್ರು ನಿನಗ?" ಎಂದು ತೊದಲಿದೆ. ಅಷ್ಟಕ್ಕೇ ತಪ್ಪೊಪ್ಪಿಗೆಯೂ ಆಗಿಹೋಯಿತು. ನನ್ನ ಸಿಟ್ಟು ನೀಲವ್ವನ ಮೇಲೆ ತಿರುಗಿತು. "ಹಿಂಗ್ಯಾಕ ತಗದಿ?"

"ಇದ್ದಂಗ ತಗೀರಿ ಅಂದಿದ್ರಲ್ರಿ ಮಾಸ್ತರು" ಎಂದಳು ಆಕೆ, ಹೆದರದೆ. "ಮೊದಲಿನ ಎರಡ ವಾರ ನೀವು ಭಾಳ ಬಿಗದಕೊಂಡ ಕುಂತಿದ್ರಿ. ಅವನ್ನ ಹರದ ಒಗದೆ. ಆವತ್ತ ನಾವೆಲ್ಲಾ ಅದೀವಿ ಅನ್ನೂದ ನೀವು ಮರತಿದ್ರಿ."

ಮನೆಯ ದಾರಿಯಲ್ಲಿ ಬೈಗುಳಕ್ಕೆ ಬೆನ್ನು ಬಾಗಿಸಿಕೊಂಡು ನಡೆದೆ. ಶಾಂತಾ ಬೈಯಲಿಲ್ಲ. ಊರ ಅಗಸಿ ಬಾಗಿಲು ದಾಟಿದ ಮೇಲೆ, "ನೀವು ನಪಾಸ ಆಗಿದ್ದಕ್ಕ ಸಿಟ್ಟಿಲ್ಲರಿ" ಎಂದಳು. "ಒಂದ ತಿಂಗಳಾತು, ಅದ ಮಾರಿ ದಿನಾ ನನ್ನ ಎದರಿಗೆ ಕುಂತ ರೊಟ್ಟಿ ತಿಂದೈತಿ. ಆಕಿಗೆ ಕಂಡಿದ್ದು ನನಗ ಕಾಣಲಿಲ್ಲಲಾ." ಆ ದಿನದ ಎಲ್ಲ ಆಘಾತಗಳಲ್ಲಿ ನಿಜವಾಗಿ ನನ್ನನ್ನು ಅಲ್ಲಾಡಿಸಿದ್ದು ಇದೊಂದೇ. ಬೀದಿಯಲ್ಲೇ ನಿಂತು, "ನಾ ಚಂದ ನಾಟಕ ಮಾಡೇನಿ, ನಿಂದೇನ ತಪ್ಪು?" ಎಂದೆ. ಸಮಾಧಾನ ಹೇಳುವುದರಲ್ಲೂ ನನ್ನನ್ನೇ ಹೊಗಳಿಕೊಂಡಿದ್ದೆ.

ಮಾಸ್ತರರು ನೀಲವ್ವನನ್ನು ಬಾಗಲಕೋಟೆಗೆ ಚಿತ್ರಕಲೆಯ ಪರೀಕ್ಷೆಗೆ ಕೂರಿಸಿದರು. ಅರ್ಜಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದವನು ನಾನೇ. ಆಕೆ ಮೊದಲ ಸಲಕ್ಕೇ ಪಾಸಾದಳು. ಇತ್ತ ಶಾಂತಾ ನನ್ನನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಓದಲು ಕೂರಿಸಿ, ತಾನು ಎದುರಿಗೆ ಕಾಳು ಆರಿಸುತ್ತ ಕೂತುಬಿಡುತ್ತಿದ್ದಳು. ಅಂತೂ ನಾಲ್ಕನೆಯ ಸಲ ಪರೀಕ್ಷಕರು ನನಗೂ ದಾರಿ ಬಿಟ್ಟರು.

ಫಲಿತಾಂಶ ಬಂದ ದಿನ ಹುನಗುಂದದಿಂದ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ: ಬಾಯಿಬಿಟ್ಟು ಹೇಳಬಾರದು, ಸುಮ್ಮನೆ ಹೊಸ್ತಿಲಲ್ಲಿ ನಿಂತುಬಿಡಬೇಕು. ಆನಂದ ಮುಖದಲ್ಲಿ ತುಂಬಿ ತುಳುಕುತ್ತಿರುತ್ತದೆ, ಈ ಸಲ ಶಾಂತಾ ತಾನೇ ಓದಿಕೊಳ್ಳಲಿ. ಹಾಗೆಯೇ ನಿಂತೆ. ಆಕೆ ಒಲೆಯ ಮುಂದಿನಿಂದ ಎದ್ದು ಬಂದು, ಕಣ್ಣು ಕಿರಿದು ಮಾಡಿ ನನ್ನ ಮುಖವನ್ನು ಇಂಚು ಇಂಚಾಗಿ ಪರೀಕ್ಷಿಸಿದಳು.

"ಹಲ್ಲ ನೋಯಾಕತ್ತಾವೇನ್ರಿ?" ಎಂದವಳೇ ಒಳಗೆ ಓಡಿ ಲವಂಗ ತಂದಳು. ಪಾಸಾದ ಸುದ್ದಿಯನ್ನು ನಾನು ದವಡೆಯಲ್ಲಿ ಲವಂಗ ಕಚ್ಚಿಕೊಂಡೇ ಹೇಳಬೇಕಾಯಿತು.