ಗಾಳಿಮರವಲ್ಲದ ಮರ

ಕಳೆದ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಉರ್ವದ ನಮ್ಮ ಓಣಿಯಲ್ಲಿ ಒಂದು ಅರೋಕೇರಿಯಾ ಮರವನ್ನು ಕಡಿದರು. ಮರ ನನ್ನ ಸೋದರಮಾವನದು. ನೆಂಟರ ಹೆಸರು ತಾವೇ ಮರೆತರೂ, ಮರದ ಹೆಸರನ್ನು ಬೇರೆಯವರು ತಪ್ಪಿದರೆ ಮಾತು ಬಿಡುವ ಮನುಷ್ಯ ಮಂಗಳೂರಿನಲ್ಲಿ ಅವರೊಬ್ಬರೇ!

ನರ್ಸರಿಯವರು ಅದನ್ನು ಕ್ರಿಸ್ಮಸ್ ಟ್ರೀ ಎನ್ನುತ್ತಾರೆ. ನಮ್ಮ ಊರಿಗೆ ಸೂಜಿಯೆಲೆ ಇದ್ದದ್ದೆಲ್ಲ ಕಡಲ ಬದಿಯ ಗಾಳಿಮರವೇ.

"ಗಾಳಿಮರದ ಮನೆ ಇದೇ ಅಲ್ವಾ?" ಎಂದು ಒಮ್ಮೆ ಗ್ಯಾಸ್ ತಂದವ ಕೇಳಿದ.

"ಗಾಳಿಮರ ಪಣಂಬೂರು ಬೀಚಲ್ಲಿ ಉಂಟು. ಅಲ್ಲಿಗೆ ಹೋಗು ಮಾರಾಯ!" ಎಂದರು ಮಾವ.

ಅವನು ಸಿಲಿಂಡರ್ ಸಮೇತ ಹೋದ. ಅತ್ತೆ ನಾಲ್ಕು ದಿನ ಪಕ್ಕದ ನಮ್ಮ ಮನೆಯಲ್ಲಿ ಅನ್ನ ಬೇಯಿಸಿದರು.

ಮಾವ ಅಡ್ಡಕೊಂಬೆ ಕತ್ತರಿಸಿ, ಬೇರು ಬರಿಸಿ, ಮದುವೆಗಳಿಗೆ ಉಡುಗೊರೆ ಕೊಡುತ್ತಿದ್ದರು. ಒಂದೂ ಮೇಲೇಳಲಿಲ್ಲ. ಎಲ್ಲ ಅಡ್ಡಡ್ಡ ಬೆಳೆದವು!

"ಎಂತ ಮಾವ, ಇದು ಮಲಗಿಯೇ ಉಂಟಲ್ಲ?"

"ನಿನ್ನನ್ನು ನೋಡಿ ಕಲಿತದ್ದು."

ಆಮೇಲೆ ಅವರೇ ಗುಟ್ಟು ಹೇಳಿದರು: ಕೊಂಬೆ ಎಲ್ಲಿ ನೆಟ್ಟರೂ ಕೊಂಬೆಯೇ. ತುದಿಯ ಚಿಗುರು ಮಾತ್ರ ನೆಟ್ಟಗೆ ಬೆಳೆಯುತ್ತದೆ. "ಆದರೆ ತುದಿ ಕೊಯ್ದರೆ ಮರದ ತಲೆ ಕೊಯ್ದ ಹಾಗೆ ಅಳಿಯ. ನಾನಿರುವಾಗ ಆಗ್ಲಿಕ್ಕಿಲ್ಲ."

ಹೋದ ಮಳೆಗಾಲದಲ್ಲಿ ಮರ ನಮ್ಮ ಮನೆಯ ಹೆಂಚಿನ ಮಾಡಿನ ಕಡೆಗೆ ವಾಲಿತು. ಓಣಿಯವರೆಲ್ಲ ಸೇರಿ ಕಡಿಸಲು ಅರಣ್ಯ ಇಲಾಖೆಗೆ ಅರ್ಜಿ ಹಾಕಿದರು. ಬರೆದುಕೊಡುವವ ಯಾರು? ಪತ್ರಿಕೆಯಲ್ಲಿ ಕೆಲಸ ಮಾಡುವವ, ನಾನೇ! ಅವಸರದಲ್ಲಿ 'ಗಾಳಿಮರ' ಎಂದು ಬರೆದೆ.

ಅಪ್ಪಣೆ ಹಿಡಿದು ಬಂದವರಿಗೆ ಮಾವ ಗೇಟು ತೆರೆದೇ ಕೊಟ್ಟರು. "ಒಳಗೆ ಬನ್ನಿ. ಗಾಳಿಮರ ಸಿಕ್ಕಿದರೆ ಕಡೀರಿ!"

ಬಂದವರು ಕಾಗದ ನೋಡಿದರು, ಮರ ನೋಡಿದರು, ವಾಪಸು ಹೋದರು. ಮಾವ ಆ ದಿನ ಓಣಿಗೆಲ್ಲ ಗೋಳಿಬಜೆ ಹಂಚಿದರು. ನನಗೂ ಕೊಟ್ಟರು. ತಿಂದೆ.

ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ವೃತ್ತಿಧರ್ಮ. ಮರುದಿನವೇ ಹೆಸರು ಸರಿಪಡಿಸಿ ಅರ್ಜಿ ಕೊಟ್ಟೆ. ಶನಿವಾರ ಅವರು ಮತ್ತೆ ಬಂದಾಗ ಮಾವ ಕಾಗದವನ್ನು ಎರಡು ಸಲ ಓದಿದರು.

"ಯಾರು ಬರೆದದ್ದು?"

"ನಾನು ಮಾವ."

"ಸ್ಪೆಲ್ಲಿಂಗ್ ಸರಿ ಉಂಟು" ಎಂದು ಒಳಗೆ ಹೋದರು.

ಮೊದಲು ಬಿದ್ದದ್ದು ತುದಿ.

ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಒಳಗೆ ಒಂದು ಕುಂಡವಿತ್ತು. ಅದರಲ್ಲಿ ಮೊಳದುದ್ದದ ಚಿಗುರು, ಕೋಲಿಗೆ ಅತ್ತೆಯ ಹಳೆ ಸೀರೆಯಂಚಿನಿಂದ ಕಟ್ಟಿದ್ದು. ಜೊತೆಗೆ ಮಾವನ ಅಕ್ಷರದಲ್ಲಿ ಚೀಟಿ: "ಬಿಸಿಲಿಗೆ ಇಡಬೇಡ. ನಿನ್ನ ಮಾಡಿನಿಂದ ದೂರ ನೆಡು."

ಇವತ್ತು ಬೆಳಿಗ್ಗೆಯವರೆಗೆ ಅದು ನೆಟ್ಟಗೆ ನಿಂತಿದೆ.