ಗಂಟೆಗೆ ಎಷ್ಟು, ಮೇಷ್ಟ್ರೇ?

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಬೆವರಿಳಿಸಿದ್ದ ಲೆಕ್ಕದ ಮೇಷ್ಟ್ರು, ಅವತ್ತು ಬೆಳಿಗ್ಗೆ ತಮಗೇ ಒಂದು ಪ್ರಶ್ನೆ ಬಂದಾಗ ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತುಬಿಟ್ಟರು. ಕೇಳಿದವರು ಹಿಂದಿನ ಬೀದಿಯ ನರ್ಸಮ್ಮ.

“ಮೇಷ್ಟ್ರೇ, ನನ್ನ ಮಗಳಿಗೆ ಭಿನ್ನರಾಶಿ ತಲೆಗೇ ಹತ್ತುತ್ತಿಲ್ಲ. ಸಂಜೆ ಪಾಠ ಹೇಳಿಕೊಡ್ತೀರಾ? ಗಂಟೆಗೆ ಎಷ್ಟು ತಗೋತೀರಿ?”

“ಅಯ್ಯೋ, ಅದಕ್ಕೇನಂತೆ...” ಎಂದು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಯೊಂದು ಢಣ್ ಎಂದಿತು. ಅದರ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. “ಸಂಜೆ ಮಗೂನ ಕರ್ಕೊಂಡು ಬನ್ನಿ, ಆಗ ಹೇಳ್ತೀನಿ” ಎಂದು ಬಾಗಿಲು ಹಾಕಿಕೊಂಡರು.

“ಇನ್ನೇನು ಪುಕ್ಕಟೆ ಅನ್ನೋದ್ರಲ್ಲಿದ್ರಿ, ಅಲ್ವಾ?” ಹೆಂಡತಿ ಸೌಟು ಹಿಡಿದೇ ಹೊರಬಂದಳು. “ನೌಕರಿ ಇದ್ದಾಗ ಹೇಗೋ ನಡೀತು. ಈಗಲೂ ಬಂದವರಿಗೆಲ್ಲ ಪಾಠ ಹೇಳಿ, ಮೇಲೆ ಪೆನ್ನು ಬೇರೆ ಕೊಟ್ಟು ಕಳಿಸ್ತೀರಿ. ನಿಮ್ಮ ವಿದ್ಯೆಗೆ ಒಂದು ಬೆಲೆ ಅಂತ ಇದ್ಯೋ ಇಲ್ವೋ?”

ಪೆನ್ನಿನ ಮಾತು ಸುಳ್ಳಲ್ಲ. ಯಾರೂ ಹೇಳಿಕೊಡದೆ ತಾವಾಗಿಯೇ ಲೆಕ್ಕ ಬಿಡಿಸಿದವರಿಗೆ ತಮ್ಮ ಜೇಬಿನ ಪೆನ್ನು ತೆಗೆದು ಕೊಡುವುದು ಮೇಷ್ಟ್ರು ಹಾಕಿಕೊಂಡ ಕಟ್ಟಳೆ. ಊರಿನ ಅರ್ಧಕ್ಕರ್ಧ ಡಾಕ್ಟರು, ಎಂಜಿನಿಯರುಗಳ ಮನೆಯಲ್ಲಿ ತಮ್ಮ ಪೆನ್ನಿದೆ ಎಂಬುದು ಅವರ ಹೆಮ್ಮೆ. ಆ ಜೇಬಿಗೆ ಪೆನ್ನು ಕೊಂಡು ಕೊಂಡು ಸಾಕಾಯಿತು ಎಂಬುದು ಹೆಂಡತಿಯ ಗೋಳು.

ಆದರೆ ಬೆಲೆ ಇಲ್ಲ ಎಂದರೆ ಯಾವ ಮೇಷ್ಟ್ರು ಸುಮ್ಮನಿರುತ್ತಾರೆ? “ಇವತ್ತು ಸಂಜೆ ನನ್ನ ವಿದ್ಯೆಯ ಬೆಲೆ ನಿನ್ನ ಕೈಲಿ ಇಡದಿದ್ರೆ ನಾನು ಲೆಕ್ಕದ ಮೇಷ್ಟ್ರೇ ಅಲ್ಲ!” ಎಂದು ಗುಡುಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಮೆಟ್ಟಿಲ ಕೆಳಗೆ ಟ್ಯಾಕ್ಸಿ ಡ್ರೈವರ್ ಗಾಡಿ ಒರೆಸುತ್ತಿದ್ದ. ಪಕ್ಕದಲ್ಲೇ ಟೈಲರ್ ಅಂಗಡಿ ತೆರೆಯುತ್ತಿದ್ದ. ಸಮಾಚಾರ ಕೇಳಿದ್ದೇ ತಡ, ಇಬ್ಬರೂ ಕೆಲಸ ಬಿಟ್ಟು ಓಡಿಬಂದರು.

“ಸಾರ್, ಇದಕ್ಕೆಲ್ಲ ಮೀಟರ್ ಇರಬೇಕು” ಎಂದ ಡ್ರೈವರ್. “ಕೂತ ತಕ್ಷಣ ಮಿನಿಮಮ್. ಹುಡುಗಿ ಸುಮ್ನೆ ಯೋಚನೆ ಮಾಡ್ತಾ ಕೂತ್ರೆ ವೇಟಿಂಗ್ ಚಾರ್ಜ್.”

“ಹೋಗಯ್ಯಾ! ಅಳತೆ ತಗೊಳ್ಳದೆ ರೇಟ್ ಹೇಳೋದುಂಟಾ?” ಎಂದ ಟೈಲರ್. “ಕೂಡೋದು ಕಳೆಯೋದು ಅಂಗಿ ಇದ್ದ ಹಾಗೆ. ಭಿನ್ನರಾಶಿ ಅಂದ್ರೆ ಕೋಟು ಸಾರ್, ಕೋಟು!”

ಮೇಷ್ಟ್ರು ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. “ನ್ಯಾಯವಾಗಿ ಹೋಗೋಣ. ನೀವಿಬ್ರೂ ಗಂಟೆಗೆ ಎಷ್ಟು ದುಡೀತೀರೋ ಹೇಳಿ. ಅದರ ಸರಾಸರಿ ನನ್ನ ರೇಟು.”

“ಐನೂರು” ಎಂದ ಡ್ರೈವರ್, ಎದೆ ಉಬ್ಬಿಸಿ.

ಅವನೆದುರು ಕಡಿಮೆ ಹೇಳಿಕೊಳ್ಳಲು ಟೈಲರಿಗೆ ಮನಸ್ಸಾದರೂ ಹೇಗೆ ಬಂದೀತು? “ಏಳುನೂರು” ಎಂದುಬಿಟ್ಟ. ಕೊಟ್ಟ ಅಂಕಿಯನ್ನು ಅನುಮಾನಿಸುವುದು ಲೆಕ್ಕದ ಮೇಷ್ಟ್ರ ಕೆಲಸವಲ್ಲ. ಗಂಟೆಗೆ ಆರುನೂರು ಎಂದು ತೀರ್ಮಾನವಾಯಿತು.

ಆರುನೂರು! ಮಧ್ಯಾಹ್ನವೆಲ್ಲ ಮೇಷ್ಟ್ರು ಕನ್ನಡಿ ಮುಂದೆ ನಿಂತು ಅದನ್ನು ಹೇಳಿ ಹೇಳಿ ರೂಢಿ ಮಾಡಿಕೊಂಡರು. ಹೆಂಡತಿಗಂತೂ ಎಷ್ಟು ಖುಷಿಯಾಯಿತೆಂದರೆ ಅಂಗಡಿಗೆ ಹೋಗಿ ಒಳ್ಳೆಯ ಹೊಸ ಪೆನ್ನೊಂದನ್ನು ತಂದು ತಾನೇ ಅವರ ಜೇಬಿಗೆ ಸಿಕ್ಕಿಸಿದಳು. “ದುಡ್ಡು ತಗೊಳ್ಳೋ ಮೇಷ್ಟ್ರ ಹಾಗೆ ಕಾಣಬೇಕು” ಎಂದಳು.

ಸಂಜೆ ನರ್ಸಮ್ಮ ಮಗಳ ಜೊತೆ ಬಂದರು. ಹಿಂದೆಯೇ ಡ್ರೈವರ್, ಟೈಲರ್ ಇಬ್ಬರೂ ಹಾಜರು. ಮೇಷ್ಟ್ರು ರೇಟು ಇಳಿಸಿಬಿಟ್ಟಾರು ಎಂಬ ಭಯ ಅವರಿಗೆ. ಮೇಷ್ಟ್ರು “ಆ... ಆರು...” ಎಂದು ತೊದಲುವಷ್ಟರಲ್ಲಿ ಡ್ರೈವರೇ ಮುಗಿಸಿದ: “ಗಂಟೆಗೆ ಆರುನೂರು ಅಮ್ಮಾ. ಇಗೋ, ಮೊಬೈಲಲ್ಲಿ ಮೀಟರ್ ಹಾಕ್ದೆ. ಓಡಿದ್ದಕ್ಕೆ ಮಾತ್ರ ಕೊಡಿ. ಒಂದು ಕಾಸು ಹೆಚ್ಚೂ ಇಲ್ಲ, ಕಡಿಮೆನೂ ಇಲ್ಲ!”

ಮೇಷ್ಟ್ರು ಹಳೇ ಪೇಪರಿನ ಹಾಳೆಯೊಂದನ್ನು ಮಡಿಸಿದರು, ಹರಿದರು, ಮತ್ತೆ ಜೋಡಿಸಿದರು. ಅರ್ಧ, ಕಾಲು, ಮೂರನೇ ಒಂದು. ಹುಡುಗಿಯ ಹುಬ್ಬಿನ ಗಂಟು ಸಡಿಲವಾಯಿತು, ಕಣ್ಣು ಅರಳಿತು. ಆ ಕಣ್ಣು ನೋಡಿದ್ದೇ ಮೇಷ್ಟ್ರಿಗೆ ಆರುನೂರೂ ಮರೆತುಹೋಯಿತು, ಹೆಂಡತಿಯೂ ಮರೆತುಹೋದಳು.

ನಡುವೆ ಡ್ರೈವರ್ ಬಾಯಿ ಹಾಕಿದ: “ಸಾರ್, ನನ್ನದೊಂದು ಡೌಟು. ದುಡಿದದ್ರಲ್ಲಿ ಮೂರನೇ ಒಂದು ಭಾಗ ಗಾಡಿ ಓನರಿಗೆ, ಉಳಿದಿದ್ರಲ್ಲಿ ಅರ್ಧ ಪೆಟ್ರೋಲಿಗೆ. ನನಗೆ ಉಳಿಯೋದೆಷ್ಟು?” ಪ್ರಶ್ನೆ ಬಂದರೆ ಬಿಡುವ ಜೀವವೇ ಅದು? ಇನ್ನೊಂದು ಹಾಳೆ ಹರಿದು ಅವನಿಗೂ ತಿಳಿಸಿಕೊಟ್ಟರು.

“ಸಾರ್, ನನಗೆಲ್ಲಾ ಅರ್ಥ ಆಯ್ತು!” ಎಂದಳು ಹುಡುಗಿ. ಮೀಟರ್ ನೋಡಿದರೆ ಬರೀ ಇಪ್ಪತ್ತು ನಿಮಿಷ.

ನರ್ಸಮ್ಮ ಪರ್ಸಿನಿಂದ ಆರುನೂರು ತೆಗೆದು ಚಾಚಿದರು. ಬಾಗಿಲ ಮರೆಯಲ್ಲಿ ಹೆಂಡತಿಯ ಮುಖ ಹೊಳೆಯಿತು.

“ಅಮ್ಮಾ, ತಡಿ!” ಎಂದಳು ಹುಡುಗಿ. “ಇಪ್ಪತ್ತು ನಿಮಿಷ ಅಂದ್ರೆ ಗಂಟೆಯ ಮೂರನೇ ಒಂದು ಭಾಗ. ಅದರಲ್ಲಿ ಅರ್ಧ ಡ್ರೈವರ್ ಮಾಮನ ಡೌಟಿಗೆ ಹೋಯ್ತು. ನಮ್ಮ ಪಾಲು ಆರನೇ ಒಂದು. ಬರೀ ನೂರು! ಸರಿನಾ ಸಾರ್?”

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅಲ್ಲಿಂದ ಹೆಂಡತಿ ‘ಬೇಡ, ಬೇಡ’ ಎಂದು ತಲೆಯಾಡಿಸುತ್ತಿದ್ದಳು. ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಸರಿಯುತ್ತರ ಕೇಳಿ ಸುಮ್ಮನಿರುವುದು ಆ ಬಾಯಿಗೆ ಗೊತ್ತೇ ಇರಲಿಲ್ಲ.

“ಶಭಾಷ್! ನೂರಕ್ಕೆ ನೂರು!” ಎಂದು ಕೂಗಿದರು. ಕೈ ತಾನಾಗಿಯೇ ಜೇಬಿಗೆ ಹೋಗಿ ಹೊಸ ಪೆನ್ನು ಹುಡುಗಿಯ ಕೈ ಸೇರಿತು.

ಉಳಿದರ್ಧದ ಮಾತು ಬರುವ ಮೊದಲೇ ಡ್ರೈವರಿಗೆ ಅರ್ಜೆಂಟಾಗಿ ಬಾಡಿಗೆ ಬಂತು. ಅವನನ್ನು ಬೈಯುವ ನೆವದಲ್ಲಿ ಟೈಲರೂ ಜಾಗ ಖಾಲಿ ಮಾಡಿದ. ನರ್ಸಮ್ಮನ ಕಣ್ಣು ತುಂಬಿತ್ತು. “ಬೇರೆ ಕಡೆ ತಿಂಗಳುಗಟ್ಟಲೆ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿದೆ ಮೇಷ್ಟ್ರೇ. ಹಾಗಾದ್ರೆ ನಾಳೆಯಿಂದ ಬರೋದೇ ಬೇಡ, ಅಲ್ವಾ?”

“ಬೇಡವೇ ಬೇಡ!” ಎಂದರು ಮೇಷ್ಟ್ರು ಹೆಮ್ಮೆಯಿಂದ.

ಅವರು ಹೋದಮೇಲೆ ಮೇಷ್ಟ್ರು ನೂರರ ನೋಟನ್ನು ಹೆಂಡತಿಯ ಕೈಲಿಟ್ಟರು. “ನೋಡು, ಮಾತಿಗೆ ತಪ್ಪಲಿಲ್ಲ.”

“ಆ ಪೆನ್ನಿಗೆ ನಾನು ಕೊಟ್ಟಿದ್ದು ನೂರಿಪ್ಪತ್ತು” ಎಂದಳು ಅವಳು. “ಅಂದ್ರೆ ಹಾಕಿದ್ರಲ್ಲಿ ಆರನೇ ಒಂದು ಭಾಗ ನಷ್ಟ.”

ಮೇಷ್ಟ್ರು ಬೆರಗಾದರು. “ಯಾರೇ ಹೇಳಿಕೊಟ್ಟೋರು?”

“ಯಾರು ಹೇಳಿಕೊಡ್ತಾರೆ? ಬಾಗಿಲ ಮರೆಯಲ್ಲಿ ನಿಂತು ಕೇಳಿಸ್ಕೊಂಡೆ, ನಾನೇ ಲೆಕ್ಕ ಹಾಕ್ದೆ.”

ಮೇಷ್ಟ್ರ ಎದೆ ತುಂಬಿ ಬಂತು. ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ಕಟ್ಟಳೆ ಅಂದರೆ ಕಟ್ಟಳೆ. ಅವಳ ಕೈಯಿಂದ ಆ ನೋಟನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

“ಅಂಗಡಿ ಮುಚ್ಚೋದ್ರೊಳಗೆ ನಿನಗೂ ಒಂದು ಪೆನ್ನು ತರ್ತೀನಿ” ಎಂದರು. “ಇನ್ನೊಂದು ಇಪ್ಪತ್ತು ಕೊಡೇ.”