ಇಡಿಯಾಗಿ ಉದುರತಕ್ಕದ್ದು

ಬಳ್ಳಾರಿಯ ಸತ್ಯನಾರಾಯಣಪೇಟೆ ಉದ್ಯಾನದ ಹನ್ನೆರಡು ಹೂಗಿಡಗಳು ‘ಕ್ಯಾಮೆಲಿಯಾ ಜಪೋನಿಕಾ’ ಜಾತಿಗೆ ಸೇರಿದವು. ಗ್ರಾನೈಟ್ ಕಲ್ಲಿನ ಮೇಲೆ ಹಾಗೆ ಕೆತ್ತಿಸಿ, ಗಣ್ಯರಿಂದ ಪರದೆ ಎಳೆಸಿದ ಮೇಲೆ ಈ ಬಗ್ಗೆ ಅನುಮಾನಕ್ಕೆ ಅವಕಾಶವಿರುವುದಿಲ್ಲ.

ಗಿಡಗಳು ಊಟಿ ಕಡೆಯಿಂದ ಬಂದವು. ಇಲ್ಲಿನ ಬಿಸಿಲು ತಡೆಯುವುದಿಲ್ಲವೆಂದು ಹಸಿರು ಪರದೆ ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಲಾಯಿತು. ಸುತ್ತಲಿನ ಮನೆಗಳಿಗೆ ಹತ್ತು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಮನೆಗಳು ಹೂ ಬಿಡುವುದಿಲ್ಲವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ನವೆಂಬರಿನಲ್ಲಿ ಗಿಡಗಳು ಹೂ ಬಿಟ್ಟವು, ಆಮೇಲೆ ಉದುರಿಸಿದವು. ತೊಂದರೆ ಉದುರಿಸಿದ್ದರಲ್ಲಿತ್ತು. ಕಡತದ ಪ್ರಕಾರ ಜಪೋನಿಕಾ ಹೂವು ಇಡಿಯಾಗಿ ಕಳಚಿ ಬೀಳತಕ್ಕದ್ದು. ತಪಾಸಣೆಗೆ ಬಂದವರಿಗೆ ನೆಲದ ಮೇಲೆ ಬಿಡಿಬಿಡಿ ಎಸಳುಗಳು ಕಂಡವು. ಹೂವು ತಾನಾಗಿ ನಿಯಮ ಮೀರುವುದು ಸಾಧ್ಯವಿಲ್ಲದ್ದರಿಂದ, ಯಾರೋ ಕಿತ್ತು ಹಾಕಿರಬೇಕೆಂದು ತೀರ್ಮಾನಿಸಲಾಯಿತು. ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಅಲ್ಲಿರುತ್ತಿದ್ದವಳು ಕೌಲ್ ಬಜಾರಿನ ಎಲ್ಲಮ್ಮ ಒಬ್ಬಳೇ. ಹನ್ನೊಂದು ವರ್ಷದಿಂದ ಗುತ್ತಿಗೆ ಮೇಲೆ ಅಲ್ಲಿ ಕಸ ಗುಡಿಸುತ್ತಿದ್ದಳು. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ತೆಗೆಯುವುದಾಗಿ ಅವಳಿಗೆ ನೋಟಿಸು ಬಂತು.

ನೋಟಿಸನ್ನು ಓದಿ ಹೇಳಿದವರು ಅಲ್ಲಿ ವಾಯುವಿಹಾರಕ್ಕೆ ಬರುತ್ತಿದ್ದ ಶಾಂಭವಿ ಮೇಡಂ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು.

ಎಲ್ಲಮ್ಮ ಪೊರಕೆ ಹಿಡಿದೇ ಕಲ್ಲುಬೆಂಚಿನ ಮೇಲೆ ಕೂತಳು. “ನಾ ಕಸಾ ಕಡಿಮಿ ಮಾಡಾಕ ಬರಾಕಿ ರೀ ಅಮ್ಮಾರ. ನನಗ ನಾನಾ ಯಾಕ ಕಸಾ ಹೆಚ್ಚು ಮಾಡ್ಕೊಳ್ಳಿ?”

ಮೇಡಂ ಕನ್ನಡಕ ಏರಿಸಿ ಗಿಡದ ಹತ್ತಿರ ಹೋದರು. ಎಲೆ ಸಣ್ಣದು. ಎಳೆಯ ಕಡ್ಡಿಯ ಮೇಲೆ ನವಿರಾದ ರೋಮ. ಚಳಿ ಬೀಳುವ ಮೊದಲೇ ಹೂ.

“ಇದು ಜಪೋನಿಕಾ ಅಲ್ಲ ಎಲ್ಲಮ್ಮ. ಸಸಾಂಕ್ವಾ ಅಂತ. ಎರಡೂ ಅಕ್ಕ ತಂಗಿ ಇದ್ದಂಗ, ಮಾರಿ ಒಂದ. ಅಕ್ಕ ಹೂವು ಇಡೀದು ಕೆಡವತಾಳ, ತಂಗಿ ಎಸಳು ಎಸಳಾಗಿ ಉದುರಸ್ತಾಳ.”

“ಹಂಗಾರ ಅದನ್ನ ಬರದು ಕೊಡ್ರಿ.”

ಬರೆದು ಕೊಟ್ಟರು. ಅದನ್ನು ಓದಿಕೊಂಡು ವಿಚಾರಣಾಧಿಕಾರಿ ಗವಿಸಿದ್ದಪ್ಪನವರು ಖುದ್ದಾಗಿ ಉದ್ಯಾನಕ್ಕೆ ಬಂದರು.

“ಮೇಡಂ, ನೀವು ಬರದು ಕೊಟ್ಟಿದ್ದು ಖರೆ ಇರಬಹುದು. ಆದ್ರ ಕಲ್ಲಿನ್ಯಾಗ ಜಪೋನಿಕಾ ಅಂತ ಐತಲ್ರಿ.”

“ಕಲ್ಲು ತಿದ್ದಸ್ರಿ.”

“ಆ ಕಲ್ಲಿನ ಮ್ಯಾಲ ಹದಿನಾಲ್ಕು ಮಂದಿ ಹೆಸರು ಅದಾವ. ಗಿಡದ ಹೆಸರು ತಪ್ಪು ಅಂತ ನಾವ ಒಪ್ಪಿದ್ರ, ಉಳಿದ ಹೆಸರೂ ತಪ್ಪೇನು ಅಂತ ಮಂದಿ ಕೇಳ್ತಾರ.”

ಅಷ್ಟರಲ್ಲಿ ಒಂದು ಗುಲಾಬಿ ಬಣ್ಣದ ಎಸಳು ಅವರ ತೆರೆದ ಕಡತದ ಮೇಲೆ ಬಂದು ಕೂತಿತು. ಮೂವರೂ ಅದನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ಎಲ್ಲಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೂರು ಹೆಜ್ಜೆ ಹಿಂದೆ ಸರಿದಳು.

“ನಾ ಮುಟ್ಟಿಲ್ರಿ ಸಾಹೇಬ್ರ. ನೀವಾ ನೋಡಿದ್ರಿ.”

“ನೋಡೀನವಾ,” ಎಂದರು ಗವಿಸಿದ್ದಪ್ಪ ಬೇಸರದಿಂದ. “ಆದ್ರ ನಾ ಇಲ್ಲಿ ವಿಚಾರಣಾಧಿಕಾರಿ ಅದೀನಿ, ಸಾಕ್ಷಿ ಅಲ್ಲ.”

ಅವರು ಕೆಟ್ಟವರಲ್ಲ. ಎಲ್ಲಮ್ಮನ ಕೆಲಸ ಹೋಗುವುದು ಅವರಿಗೂ ಬೇಡವಾಗಿತ್ತು. ಎರಡು ದಿನ ಯೋಚಿಸಿ ವರದಿ ಬರೆದರು: ‘ಸದರಿ ಗಿಡಗಳು ನಿರ್ದೋಷಿ. ಸದರಿ ನೌಕರಳೂ ನಿರ್ದೋಷಿ. ಹೂವುಗಳು ಇಡಿಯಾಗಿಯೇ ಕೊಂಬೆ ಬಿಟ್ಟಿದ್ದು, ನೆಲ ತಲುಪುವ ಮುನ್ನ ಮಾರ್ಗಮಧ್ಯದಲ್ಲಿ ಬೇರ್ಪಟ್ಟಿರುತ್ತವೆ. ಆದ್ದರಿಂದ ನೌಕರಳು ಪ್ರತಿದಿನ ಬೆಳಿಗ್ಗೆ ಏಳರೊಳಗೆ ಎಸಳುಗಳನ್ನು ಗೋಂದಿನಿಂದ ಯಥಾಸ್ಥಿತಿಗೆ ತಂದು, ತಪಾಸಣೆಯಾದ ನಂತರ ಗುಡಿಸತಕ್ಕದ್ದು.’

ಮೊದಲ ದಿನ ಎಲ್ಲಮ್ಮನ ಕಣ್ಣಲ್ಲಿ ನೀರು ಬಂತು. ಎಸಳು ಹೂವಿಗೆ ಅಂಟದೆ ಬೆರಳಿಗೆ ಅಂಟುತ್ತಿತ್ತು. ನಾಲ್ಕನೆಯ ದಿನಕ್ಕೆ ಕೈ ಕೂತಿತು. ಶಾಂಭವಿ ಮೇಡಂ ವಾರವಿಡೀ ಸಿಟ್ಟಿನಿಂದ ಆ ಕಡೆ ತಿರುಗಲಿಲ್ಲ. ಎಂಟನೆಯ ದಿನ ಹತ್ತಿರ ಬಂದು ಬಗ್ಗಿ ನೋಡಿ, “ಕೇಸರ ಸ್ವಲ್ಪ ನಡುವ ಇಡವಾ. ಜಪೋನಿಕಾದಾಗ ಅದು ಕೊಳವಿ ಹಂಗ ಕೂಡಿರ್ತದ,” ಎಂದರು. ಎಲ್ಲಮ್ಮ ಹಾಗೆಯೇ ಇಟ್ಟಳು. ಸಿರುಗುಪ್ಪದಿಂದ ಪ್ರವಾಸ ಬಂದ ಸಾಲಿ ಮಕ್ಕಳು ಅದನ್ನು ನೋಡಿ ಪುಸ್ತಕದಲ್ಲಿ ಚಿತ್ರ ಬಿಡಿಸಿಕೊಂಡರು. ಮಾಸ್ತರು ಚಿತ್ರಗಳಿಗೆ ‘ಸರಿ’ ಹಾಕಿದರು.

ಈ ಯಶಸ್ಸಿನ ಸುದ್ದಿ ಕೇಳಿ ಕುರುಗೋಡಿನಲ್ಲೂ ಜಪೋನಿಕಾ ಉದ್ಯಾನ ಮಂಜೂರಾಗಿದೆ. ಎಲ್ಲಮ್ಮನನ್ನು ವಾರಕ್ಕೆ ಎರಡು ದಿನ ಅಲ್ಲಿಗೆ ನಿಯೋಜಿಸಲಾಗಿದೆ. ಮಂಗಳವಾರ, ಶುಕ್ರವಾರ ಆಕೆ ಟಿಫಿನ್ ಡಬ್ಬಿಯ ತುಂಬ ಹೂವು ಜೋಡಿಸಿಕೊಂಡು ಮೊದಲ ಬಸ್ಸು ಹತ್ತುತ್ತಾಳೆ, ಕುರುಗೋಡಿನಲ್ಲಿ ಇಳಿದು ತೋರಿಸಿದ ಜಾಗದಲ್ಲಿ ಅವನ್ನು ಒಂದೊಂದಾಗಿ ಕೆಡವುತ್ತಾಳೆ. ಅಧಿಕಾರಿಗಳು ಬಂದು ಎಣಿಸಿ, ತೃಪ್ತಿಕರ ಎಂದು ಸಹಿ ಹಾಕಿ ಹೋಗುತ್ತಾರೆ. ಗಿಡಗಳು ಇನ್ನೂ ಬರಬೇಕಾಗಿದೆ.